1933ರ ಸೋಲಿಗೆ ಮಹಿಳೆಯರ ಮತವೇ ಕಾರಣವೇ? ಕ್ಲಾರಾ ಕಾಂಪೊಅಮೋರ್ ಕುರಿತು ಒಂದು ಉತ್ತರ

ಪ್ರಶ್ನೆ: ಸ್ಪೇನ್‌ನಲ್ಲಿ 1931ರಲ್ಲಿ ಮಹಿಳೆಯರಿಗೆ ಮತದಾನದ ಹಕ್ಕು ಕೊಡುವ ಚರ್ಚೆ ನಡೆದಾಗ ಪ್ರಗತಿಪರ ಪಕ್ಷಗಳೇ ಅದನ್ನು ವಿರೋಧಿಸಿದವು, ಸಭೆಯಲ್ಲಿದ್ದ ಇಬ್ಬರು ಮಹಿಳೆಯರಲ್ಲಿ ಒಬ್ಬರೂ ವಿರೋಧಿಸಿದರು ಎಂದು ಓದಿದೆ. ಹಕ್ಕಿನ ಪರ ನಿಂತ ಕ್ಲಾರಾ ಕಾಂಪೊಅಮೋರ್ ಯಾರು? ಎರಡು ವರ್ಷಗಳ ನಂತರ ಅಲ್ಲಿ ಬಲಪಂಥ ಗೆದ್ದದ್ದು ಮಹಿಳೆಯರ ಮತದಿಂದಲೇ ಎಂಬ ಮಾತು ನಿಜವೇ? ಆಮೇಲೆ ಅವರ ಗತಿ ಏನಾಯಿತು?

ಉತ್ತರ: ನಿಮ್ಮ ಮೂರು ಪ್ರಶ್ನೆಗಳಲ್ಲಿ ನಡುವಿನದಕ್ಕೆ ಮೊದಲೇ ಉತ್ತರ ಹೇಳಿಬಿಡುತ್ತೇನೆ. ಆ ಅಪವಾದವನ್ನು ಹೊತ್ತುಕೊಂಡೇ ಕ್ಲಾರಾ ತಮ್ಮ ಬದುಕಿನ ಕೊನೆಯ ಸುಮಾರು ನಲವತ್ತು ವರ್ಷಗಳನ್ನು ಕಳೆದರು. ಆ ಮಾತು ನಿಜವಲ್ಲ. 1933ರ ಫಲಿತಾಂಶಕ್ಕೆ ಕಾರಣಗಳು ಬೇರೆಯೇ ಇವೆ, ಅವೆಲ್ಲವೂ ದಾಖಲೆಯಲ್ಲಿವೆ. ಆದರೆ ಆ ಲೆಕ್ಕಕ್ಕೆ ಬರುವ ಮೊದಲು ಈ ಮಹಿಳೆ ಎಲ್ಲಿಂದ ಬಂದರು ಎಂಬುದು ಗೊತ್ತಿರಬೇಕು. ಸಂಸತ್ತಿನಲ್ಲಿ ಅವರು ತೋರಿಸಿದ ಹಟದ ಬೇರು ಅವರ ಹಿಂದಿನ ಬದುಕಿನಲ್ಲಿದೆ.

ಕ್ಲಾರಾ ಹುಟ್ಟಿದ್ದು 1888ರ ಫೆಬ್ರವರಿ 12ರಂದು, ಮ್ಯಾಡ್ರಿಡ್‌ನ ಸಾಮಾನ್ಯ ಜನರ ಬಡಾವಣೆಯೊಂದರಲ್ಲಿ. ತಂದೆ ಪತ್ರಿಕಾ ಕಚೇರಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದರು, ತಾಯಿ ಬಟ್ಟೆ ಹೊಲಿಯುತ್ತಿದ್ದರು. ಹತ್ತರ ಆಸುಪಾಸಿನಲ್ಲಿ ಹುಡುಗಿ ತಂದೆಯನ್ನು ಕಳೆದುಕೊಂಡಳು, ಸ್ವಲ್ಪ ಕಾಲದಲ್ಲೇ ಶಾಲೆಯೂ ತಪ್ಪಿತು. ತಾಯಿಯ ಜೊತೆ ಹೊಲಿಗೆ, ಆಮೇಲೆ ಅಂಗಡಿಯಲ್ಲಿ ಮಾರಾಟದ ಕೆಲಸ. ಆ ಕಾಲದ ಸ್ಪೇನ್‌ನಲ್ಲಿ ಬಡ ಮನೆಯ ಹೆಣ್ಣುಮಗಳ ಬದುಕು ಅಲ್ಲಿಗೇ ಮುಗಿದು ಮದುವೆಯ ಕಡೆಗೆ ತಿರುಗುವುದು ವಾಡಿಕೆ. ಕ್ಲಾರಾ ಸರ್ಕಾರಿ ನೌಕರಿಯ ಸ್ಪರ್ಧಾತ್ಮಕ ಪರೀಕ್ಷೆಗೆ ಕುಳಿತರು. 1909ರಲ್ಲಿ ತಂತಿ ಇಲಾಖೆಯಲ್ಲಿ ಎರಡನೇ ದರ್ಜೆಯ ಸಹಾಯಕಿಯಾಗಿ ಆಯ್ಕೆಯಾದರು. ಮೊದಲು ಸಾರಗೋಸಾ, ನಂತರ ಉತ್ತರ ತೀರದ ಸಾನ್ ಸೆಬಾಸ್ಟಿಯನ್. ಆ ಕಡಲೂರಿನಲ್ಲಿ ಕೆಲವು ವರ್ಷ ತಂತಿ ಕಚೇರಿಯ ಮೇಜಿನ ಮುಂದೆ ದುಡಿದರು.

1914ರಲ್ಲಿ ಇನ್ನೊಂದು ಪರೀಕ್ಷೆ ಬರೆದು, ವಯಸ್ಕ ಮಹಿಳೆಯರ ಶಾಲೆಗಳಲ್ಲಿ ಬೆರಳಚ್ಚು ಮತ್ತು ಶೀಘ್ರಲಿಪಿ ಕಲಿಸುವ ಶಿಕ್ಷಕಿಯಾಗಿ ಮ್ಯಾಡ್ರಿಡ್‌ಗೆ ಮರಳಿದರು. ಪ್ರೌಢಶಿಕ್ಷಣದ ಪ್ರಮಾಣಪತ್ರ ಇಲ್ಲದಿದ್ದುದರಿಂದ ಬೇರೆ ವಿಷಯ ಕಲಿಸುವ ಅವಕಾಶವಿರಲಿಲ್ಲ. ಪಾಠದ ಜೊತೆಗೆ ಪತ್ರಿಕೆಯೊಂದರಲ್ಲಿ ಕಾರ್ಯದರ್ಶಿಯ ಕೆಲಸ, ಬಿಡುವಿನಲ್ಲಿ ಅನುವಾದ. ರಾಜಕೀಯದ ಜನರನ್ನು ಹತ್ತಿರದಿಂದ ಕಂಡದ್ದು ಆ ಪತ್ರಿಕಾ ಕಚೇರಿಯಲ್ಲಿ.

ಮೂವತ್ತು ದಾಟಿದ ಮೇಲೆ, 1920ರಲ್ಲಿ, ಅವರು ಪ್ರೌಢಶಿಕ್ಷಣಕ್ಕೆ ಹೆಸರು ನೋಂದಾಯಿಸಿದರು. ಅದನ್ನು ಮುಗಿಸಿ ಕಾನೂನು ಓದಿದರು. 1924ರ ಕೊನೆಗೆ, ಮೂವತ್ತಾರನೆಯ ವಯಸ್ಸಿನಲ್ಲಿ, ಪದವಿ ಕೈಗೆ ಬಂತು. ಕೆಲಸ ಬಿಟ್ಟು ಓದುವ ಅನುಕೂಲ ಅವರಿಗೆ ಒಂದು ದಿನವೂ ಇರಲಿಲ್ಲ. 1925ರ ಆರಂಭದಲ್ಲಿ ಮ್ಯಾಡ್ರಿಡ್ ವಕೀಲರ ಸಂಘದ ಸದಸ್ಯರಾದರು. ಅಲ್ಲಿ ಅವರಿಗಿಂತ ಕೆಲವೇ ವಾರಗಳ ಮೊದಲು ಸೇರಿದ್ದ ಮಹಿಳೆ ವಿಕ್ಟೋರಿಯಾ ಕೆಂಟ್. ಈ ಹೆಸರು ನೆನಪಿರಲಿ. ನೀವು ಓದಿದ ‘ವಿರೋಧಿಸಿದ ಇನ್ನೊಬ್ಬ ಮಹಿಳೆ’ ಇವರೇ.

ಆಗ ಸ್ಪೇನ್‌ನಲ್ಲಿ ಜನರಲ್ ಪ್ರಿಮೊ ದೆ ರಿವೇರಾನ ಸರ್ವಾಧಿಕಾರ. ಆ ಆಡಳಿತ ಕೆಲವು ವಿದ್ಯಾವಂತ ಮಹಿಳೆಯರನ್ನು ತನ್ನ ಕಡೆಗೆ ಸೆಳೆದುಕೊಳ್ಳಲು ನೋಡಿತು. ದೊರೆ 13ನೆಯ ಅಲ್ಫಾನ್ಸೊನ ಸರ್ಕಾರದ ಗೌರವ ಪದಕವೊಂದು ಕ್ಲಾರಾ ಅವರನ್ನೂ ಹುಡುಕಿಕೊಂಡು ಬಂತು. ಗಣರಾಜ್ಯವಾದಿಯಾಗಿದ್ದ ಅವರು ಅದನ್ನು ಸ್ವೀಕರಿಸಲಿಲ್ಲ. 1930ರ ಡಿಸೆಂಬರ್‌ನಲ್ಲಿ ದೊರೆತನದ ವಿರುದ್ಧ ದಂಗೆಯೆದ್ದು ಸೋತವರ ಪೈಕಿ ಸಾನ್ ಸೆಬಾಸ್ಟಿಯನ್‌ನಲ್ಲಿ ಬಂಧಿತರಾದವರ ಪರ ವಕಾಲತ್ತು ವಹಿಸಿದರು. ಆ ಆರೋಪಿಗಳಲ್ಲಿ ಅವರ ಸ್ವಂತ ಸಹೋದರನೂ ಇದ್ದ. 1931ರ ಏಪ್ರಿಲ್ 14ರಂದು ದೊರೆ ದೇಶ ಬಿಟ್ಟು ಗಣರಾಜ್ಯ ಘೋಷಣೆಯಾದಾಗ ಕ್ಲಾರಾ ಅದೇ ಊರಿನಲ್ಲಿದ್ದರು.

ಇನ್ನು ಚರ್ಚೆಯ ವಿಷಯ. ಹೊಸ ಸರ್ಕಾರ ಮೇ 8ರಂದು ಒಂದು ಆಜ್ಞೆ ಹೊರಡಿಸಿತು. ಮತದಾರರ ವಯಸ್ಸು 23ಕ್ಕೆ ಇಳಿಯಿತು. ಮಹಿಳೆಯರು ಚುನಾವಣೆಗೆ ನಿಲ್ಲಬಹುದು ಎಂದಾಯಿತು. ಆದರೆ ಮತ ಹಾಕುವಂತಿರಲಿಲ್ಲ! ಹೀಗಾಗಿ ಜೂನ್ 28ರ ಚುನಾವಣೆಯಲ್ಲಿ ಗಂಡಸರ ಮತಗಳಿಂದಲೇ ಇಬ್ಬರು ಮಹಿಳೆಯರು ಗೆದ್ದು ಬಂದರು: ಅಲೆಹಾಂದ್ರೊ ಲೆರೂ ನಾಯಕತ್ವದ ರ್‍ಯಾಡಿಕಲ್ ಪಕ್ಷದಿಂದ ಕ್ಲಾರಾ, ರ್‍ಯಾಡಿಕಲ್ ಸೋಷಲಿಸ್ಟ್ ಪಕ್ಷದಿಂದ ವಿಕ್ಟೋರಿಯಾ ಕೆಂಟ್. ಸಮಾಜವಾದಿ ಮಾರ್ಗರಿಟಾ ನೆಲ್ಕೆನ್ ಸಭೆಗೆ ಬಂದದ್ದು ನಿರ್ಣಾಯಕ ಮತದಾನ ಮುಗಿದ ಮೇಲೆ. 470 ಸ್ಥಾನಗಳ ಸಂವಿಧಾನ ಸಭೆಯಲ್ಲಿ ಹೆಣ್ಣಿನ ದನಿ ಎರಡೇ.

ಸಂವಿಧಾನದ ಕರಡು ಬರೆಯಲು 21 ಜನರ ಸಮಿತಿ ರಚನೆಯಾಯಿತು, ಅಧ್ಯಕ್ಷರು ಕಾನೂನು ಪಂಡಿತ ಲೂಯಿಸ್ ಹಿಮೆನೆಸ್ ದೆ ಅಸೂವಾ. ಸಮಿತಿಯಲ್ಲಿದ್ದ ಏಕೈಕ ಮಹಿಳೆ ಕ್ಲಾರಾ. ಗಂಡುಹೆಣ್ಣಿನ ಸಮಾನತೆಯನ್ನು ‘ತಾತ್ವಿಕವಾಗಿ’ ಒಪ್ಪಲಾಗಿದೆ ಎಂಬ ವಾಕ್ಯ ಕರಡಿನಲ್ಲಿತ್ತು. ಕ್ಲಾರಾ ಅದನ್ನು ಬಿಡಲಿಲ್ಲ. ಕೊನೆಗೆ ಸಂವಿಧಾನದ 25ನೆಯ ವಿಧಿ, ಹುಟ್ಟು, ವಂಶ, ಲಿಂಗ, ವರ್ಗ, ಸಂಪತ್ತು, ರಾಜಕೀಯ ವಿಚಾರ, ಧರ್ಮ ಇವು ಯಾವುವೂ ಕಾನೂನಿನ ಮುಂದೆ ವಿಶೇಷ ಸವಲತ್ತಿಗೆ ಆಧಾರವಾಗುವಂತಿಲ್ಲ ಎಂದು ನೇರವಾಗಿ ಹೇಳಿತು. ಸೆಪ್ಟೆಂಬರ್ 1ರಂದು ಅವರು ಸಭೆಯನ್ನು ಉದ್ದೇಶಿಸಿ ಮಾತನಾಡಿದರು. ಸ್ಪೇನ್‌ನ ಸಂಸತ್ತಿನಲ್ಲಿ ಮಹಿಳೆಯೊಬ್ಬರು ಎದ್ದು ನಿಂತು ಮಾತನಾಡಿದ್ದು ಅದೇ ಮೊದಲು.

ಮತದಾನದ ವಿಧಿ ಚರ್ಚೆಗೆ ಬಂದಾಗ ಕೇಳಿಬಂದ ಮಾತುಗಳನ್ನು ಇಂದು ಓದಿದರೆ ಮೈ ಉರಿಯುತ್ತದೆ. ನೊವೊವಾ ಸಾಂತೋಸ್ ಎಂಬ ಹೆಸರಾಂತ ವೈದ್ಯರು ಉನ್ಮಾದವೇ ಹೆಣ್ಣಿನ ರಚನೆ, ಆಕೆ ಭಾವನೆಯ ವಶ, ವಿಮರ್ಶಾ ಬುದ್ಧಿ ಆಕೆಗಿಲ್ಲ ಎಂದು ಶರೀರಶಾಸ್ತ್ರದ ಹೆಸರಿನಲ್ಲಿ ವಾದಿಸಿದರು. ಇಲಾರಿಯೊ ಅಯೂಸೊ ಎಂಬ ಸದಸ್ಯರು ತಿದ್ದುಪಡಿಯನ್ನೇ ಮಂಡಿಸಿದರು: ಗಂಡಸರಿಗೆ 23ಕ್ಕೆ ಮತ, ಹೆಂಗಸರಿಗೆ 45ಕ್ಕೆ. ಮುಟ್ಟು ನಿಲ್ಲುವ ವಯಸ್ಸಿನವರೆಗೆ ಹೆಣ್ಣಿನ ಮನಸ್ಸು ಸ್ಥಿರವಲ್ಲ ಎಂಬುದು ಅದರ ಹಿಂದಿನ ವಾದ. ಇಂಥ ಮಾತನ್ನಾಡಿದವರು ಹಳೆಯ ದೊರೆತನದ ಬೆಂಬಲಿಗರಾಗಿರಲಿಲ್ಲ, ಗಣರಾಜ್ಯದ ಕಡೆಯವರೇ ಆಗಿದ್ದರು ಎಂಬುದು ಮುಖ್ಯ.

ಆದರೆ ನಿಜವಾದ ಅಡ್ಡಿ ಈ ಅಪದ್ಧ ವಿಜ್ಞಾನವಲ್ಲ. ಗಣರಾಜ್ಯವಾದಿ ಪಕ್ಷಗಳಲ್ಲಿ ಒಂದು ಗಟ್ಟಿಯಾದ ಭಯವಿತ್ತು. ಸ್ಪೇನ್‌ನ ಹೆಂಗಸರು ಚರ್ಚಿಗೆ ಹೋಗುತ್ತಾರೆ, ಪಾದ್ರಿಯ ಮುಂದೆ ಪಾಪನಿವೇದನೆ ಮಾಡುತ್ತಾರೆ, ಪಾದ್ರಿ ಹೇಳಿದವರಿಗೆ ಮತ ಹಾಕುತ್ತಾರೆ, ಹಾಗಾಗಿ ಅವರ ಕೈಗೆ ಮತ ಕೊಟ್ಟರೆ ಆಗಷ್ಟೇ ಹುಟ್ಟಿದ ಗಣರಾಜ್ಯ ಉಳಿಯುವುದಿಲ್ಲ ಎಂಬ ಭಯ. ಬಲಪಂಥದ ಕ್ಯಾಥೊಲಿಕ್ ಸದಸ್ಯರು ಮಹಿಳೆಯರ ಮತವನ್ನು ಬೆಂಬಲಿಸಿದ್ದೂ ಇದೇ ಲೆಕ್ಕಾಚಾರದಿಂದ. ಎರಡೂ ಕಡೆಯವರು ಹೆಣ್ಣನ್ನು ಪಾದ್ರಿಯ ಕೈಗೊಂಬೆ ಎಂದು ನಂಬಿದ್ದರು. ಒಬ್ಬರಿಗೆ ಅದು ಲಾಭ, ಇನ್ನೊಬ್ಬರಿಗೆ ನಷ್ಟ, ಅಷ್ಟೇ ವ್ಯತ್ಯಾಸ.

ಅಕ್ಟೋಬರ್ 1ರಂದು ಇಬ್ಬರು ಮಹಿಳೆಯರು ಮುಖಾಮುಖಿಯಾದರು. ವಿಕ್ಟೋರಿಯಾ ಕೆಂಟ್ ಅವರ ವಾದವನ್ನು ನ್ಯಾಯವಾಗಿ ಹೇಳಬೇಕು, ಏಕೆಂದರೆ ಅದನ್ನು ಬಹಳ ಸಲ ವಿಕಾರಗೊಳಿಸಿ ಹೇಳಲಾಗಿದೆ. ಮಹಿಳೆಗೆ ಅರ್ಹತೆಯಿಲ್ಲ ಎಂದು ಅವರು ಎಲ್ಲಿಯೂ ಹೇಳಲಿಲ್ಲ. ಮತದಾನವನ್ನು ಮುಂದೂಡಬೇಕು ಎಂದರು. ಸ್ಪೇನ್‌ನ ಎಲ್ಲ ಮಹಿಳೆಯರೂ ದುಡಿಯುವವರಾಗಿದ್ದರೆ, ವಿಶ್ವವಿದ್ಯಾಲಯ ದಾಟಿ ಬಂದವರಾಗಿದ್ದರೆ, ತಾನೇ ಈ ಸಭೆಯ ಮುಂದೆ ನಿಂತು ಮತ ಕೇಳುತ್ತಿದ್ದೆ. ಗಣರಾಜ್ಯದ ಶಾಲೆಗಳೂ ಅನುಕೂಲಗಳೂ ತನ್ನ ಮಕ್ಕಳಿಗೆ ತಲುಪುವುದನ್ನು ಮಹಿಳೆ ಕಣ್ಣಾರೆ ಕಾಣಲು ಇನ್ನೂ ಕೆಲವು ವರ್ಷ ಬೇಕು. ಆಗ ಆಕೆಯೇ ಅದರ ಅತ್ಯಂತ ನಿಷ್ಠ ರಕ್ಷಕಿಯಾಗುತ್ತಾಳೆ. ಹೀಗೆ ಸಾಗಿತು ಅವರ ಮಾತು. ತನ್ನ ಆದರ್ಶವನ್ನೇ ಬಿಟ್ಟುಕೊಟ್ಟು ಈ ನಿಲುವು ತೆಗೆದುಕೊಳ್ಳುತ್ತಿದ್ದೇನೆ ಎಂಬ ನೋವು ಅದರಲ್ಲಿತ್ತು.

ಕ್ಲಾರಾ ಎದ್ದರು. ಸಹೋದ್ಯೋಗಿಯ ಸಂಕಟ ತನಗೆ ಅರ್ಥವಾಗುತ್ತದೆ ಎಂದು ಶುರುಮಾಡಿ, ಆಮೇಲೆ ಆ ವಾದದ ಒಂದೊಂದೇ ಎಳೆಯನ್ನು ಬಿಡಿಸಿದರು. ಗಣರಾಜ್ಯಕ್ಕಾಗಿ ಮಹಿಳೆಯರು ಬೀದಿಗಿಳಿಯಲಿಲ್ಲವೇ? ದುಡಿಯುವ ಮಹಿಳೆಯರನ್ನೂ ವಿಶ್ವವಿದ್ಯಾಲಯದ ಮಹಿಳೆಯರನ್ನೂ ಹೊಗಳುವಾಗ ಉಳಿದವರಿಗೆ ಸಾಮರ್ಥ್ಯವಿಲ್ಲ ಎಂದೇ ಹೇಳಿದಂತಾಗುವುದಿಲ್ಲವೇ? ಕಾನೂನಿನ ಫಲವೆಲ್ಲ ಮಹಿಳೆಯ ಮೇಲೂ ಬೀಳುತ್ತದೆ, ತೆರಿಗೆಯನ್ನು ಆಕೆಯೂ ಕಟ್ಟುತ್ತಾಳೆ. ಹಾಗಿದ್ದ ಮೇಲೆ ಆಕೆಯ ಮತಕ್ಕೆ ಮಾತ್ರ ಪರೀಕ್ಷಾ ಅವಧಿ ಏಕೆ?

ಅವರು ಭಾವುಕ ಮನವಿಗೆ ನಿಲ್ಲಲಿಲ್ಲ, ಅಂಕಿಅಂಶ ತಂದಿದ್ದರು. ಮಹಿಳೆಯರ ಅಜ್ಞಾನದ ಬಗ್ಗೆ ಪದೇ ಪದೇ ಮಾತನಾಡುತ್ತಿದ್ದವರ ಮುಂದೆ ಅವರು ಸಾಕ್ಷರತೆಯ ಲೆಕ್ಕ ಬಿಚ್ಚಿದರು. 19ನೆಯ ಶತಮಾನದ ಉತ್ತರಾರ್ಧದಿಂದ 1910ರವರೆಗೆ ಸ್ಪೇನ್‌ನಲ್ಲಿ ಓದುಬರಹ ಬಾರದ ಗಂಡಸರ ಒಟ್ಟು ಸಂಖ್ಯೆ 73,082ರಷ್ಟು ಹೆಚ್ಚಿತ್ತು, ಓದುಬರಹ ಬಾರದ ಹೆಂಗಸರ ಸಂಖ್ಯೆ 48,098ರಷ್ಟು ಇಳಿದಿತ್ತು. ಅಜ್ಞಾನವೇ ಅಳತೆಗೋಲಾದರೆ ಗಂಡಸರ ಮತದ ಬಗ್ಗೆಯೂ ಯೋಚಿಸಬೇಕಾಗುತ್ತದೆ ಎಂಬುದು ಸಭೆಗೆ ತಟ್ಟಿತು. ತಾನು ಮೊದಲು ನಾಗರಿಕಳು, ಆಮೇಲೆ ಹೆಣ್ಣು ಎಂದರು. ಜರ್ಮನಿಯ ಚಿಂತಕ ಹಂಬೋಲ್ಟ್ ಹೇಳಿದ್ದನ್ನು ನೆನಪಿಸಿದರು: ಸ್ವಾತಂತ್ರ್ಯವನ್ನು ಬಳಸುವ ಪಕ್ವತೆ ಬರಬೇಕಾದರೆ ಅದರೊಳಗೇ ನಡೆಯಬೇಕು, ಬೇರೆ ದಾರಿಯಿಲ್ಲ.

ನನ್ನ ಮಟ್ಟಿಗೆ ಇಡೀ ಚರ್ಚೆಯ ತಿರುಳು ಈ ಮಾತಿನಲ್ಲಿದೆ. ಕೆಂಟ್ ಮತವನ್ನು ಅದು ಯಾರಿಗೆ ಬೀಳಬಹುದು ಎಂಬುದರಿಂದ ಅಳೆದರು. ಮತ ಯಾರದ್ದು ಎಂಬ ಪ್ರಶ್ನೆಯಿಂದ ಕ್ಲಾರಾ ಅತ್ತಿತ್ತ ಸರಿಯಲಿಲ್ಲ. ತಮ್ಮ ಪಕ್ಷಕ್ಕೆ ನಷ್ಟವಾಗಬಹುದು ಎಂದು ಗೊತ್ತಿದ್ದೂ ಒಬ್ಬರ ಹಕ್ಕಿನ ಪರ ನಿಲ್ಲುವ ರಾಜಕಾರಣಿಗಳು ಯಾವ ದೇಶದಲ್ಲೂ, ಯಾವ ಕಾಲದಲ್ಲೂ ಬೆರಳೆಣಿಕೆಯಷ್ಟು.

ಮತಕ್ಕೆ ಹಾಕಿದಾಗ ಪರವಾಗಿ 161, ವಿರುದ್ಧವಾಗಿ 121. ಉಳಿದ ಸುಮಾರು 190 ಸದಸ್ಯರು ಮತ ಹಾಕಲಿಲ್ಲ ಅಥವಾ ಸಭೆಯಲ್ಲಿರಲಿಲ್ಲ. ಪರ ಮತಗಳಲ್ಲಿ ಹೆಚ್ಚುಕಡಿಮೆ ಅರ್ಧ ಸಮಾಜವಾದಿಗಳದ್ದು, ಉಳಿದವು ಬಲಪಂಥದ ಕ್ಯಾಥೊಲಿಕ್ ಸದಸ್ಯರು, ಕತಲೂನ್ಯಾದವರು ಮತ್ತು ಕೆಲವು ಸಣ್ಣ ಗುಂಪುಗಳದ್ದು. ಕ್ಲಾರಾ ಅವರ ಸ್ವಂತ ರ್‍ಯಾಡಿಕಲ್ ಪಕ್ಷದಿಂದ ಅವರ ಜೊತೆ ನಿಂತವರು ಮೂರು ಮತ್ತೊಬ್ಬರು. ಸಮಾಜವಾದಿ ನಾಯಕ ಇಂದಲೆಸಿಯೊ ಪ್ರಿಯೆತೊ ತಮ್ಮ ಪಕ್ಷದ ನಿಲುವನ್ನು ಧಿಕ್ಕರಿಸಿ, ಇದು ಗಣರಾಜ್ಯದ ಬೆನ್ನಿಗೆ ಹಾಕಿದ ಚೂರಿ ಎಂದು ಕೂಗಿ ಹೊರನಡೆದರು. ಗಣರಾಜ್ಯವಾದಿ ನಾಯಕ ಮನುವೆಲ್ ಅಸಾನ್ಯಾ ಅವರ ನಡೆ ಇನ್ನೂ ವಿಚಿತ್ರ. ಕ್ಲಾರಾ ಹೇಳಿದ್ದೇ ಸರಿ, ಗಣರಾಜ್ಯಕ್ಕೆ ಮತ ಹಾಕಲಿಕ್ಕಿಲ್ಲ ಎಂಬ ಅನುಮಾನದ ಮೇಲೆ ಮಹಿಳೆಯರಿಗೆ ಮತ ನಿರಾಕರಿಸುವುದು ಘೋರ ಎಂದು ಅವರು ದಿನಚರಿಯಲ್ಲಿ ಬರೆದುಕೊಂಡರು. ಅವರ ಪಕ್ಷದ ಮತಗಳು ಮಾತ್ರ ವಿರುದ್ಧವಾಗಿಯೇ ಬಿದ್ದವು. ಕೆಲವೇ ದಿನಗಳಲ್ಲಿ ಪ್ರಧಾನಿಯಾದ ಆ ಮೇಧಾವಿ ಅಂದು ದಿನಚರಿಯ ಮಾತನ್ನು ಸಭೆಯಲ್ಲಿ ಆಡಿದ್ದರೆ ಕ್ಲಾರಾ ಅಷ್ಟು ಒಂಟಿಯಾಗುತ್ತಿರಲಿಲ್ಲ ಎಂದು ನನಗೆ ಅನಿಸುತ್ತದೆ.

ಗೆಲುವು ಅಷ್ಟಕ್ಕೇ ಗಟ್ಟಿಯಾಗಲಿಲ್ಲ. ಡಿಸೆಂಬರ್ 1ರಂದು ವಿರೋಧಿಗಳು ಹಿಂಬಾಗಿಲಿನಿಂದ ಮತ್ತೊಂದು ತಿದ್ದುಪಡಿ ತಂದರು. ಮಹಿಳೆಯರು ಮೊದಲು ಸ್ಥಳೀಯ ಚುನಾವಣೆಗಳಲ್ಲಿ ಮತ ಹಾಕಿ ಅಭ್ಯಾಸ ಮಾಡಿಕೊಳ್ಳಲಿ, ಸಂಸತ್ ಚುನಾವಣೆ ಆಮೇಲೆ ಎಂಬುದು ಅದರ ಸಾರಾಂಶ. ಅದು ಬಿದ್ದುಹೋದದ್ದು 127ಕ್ಕೆ 131 ಮತಗಳಿಂದ. ಸ್ಪೇನ್‌ನ ಅರ್ಧ ಜನಸಂಖ್ಯೆಯ ಹಕ್ಕು ಉಳಿದದ್ದು ನಾಲ್ಕು ಮತಗಳ ಅಂತರದಲ್ಲಿ! ಡಿಸೆಂಬರ್ 9ರಂದು ಸಂವಿಧಾನ ಅಂಗೀಕಾರವಾಯಿತು. 23 ವರ್ಷ ತುಂಬಿದ ಎಲ್ಲ ಸ್ತ್ರೀ-ಪುರುಷ ನಾಗರಿಕರಿಗೂ ಸಮಾನ ಮತಾಧಿಕಾರ ಎಂಬುದು ಅದರ 36ನೆಯ ವಿಧಿ.

ಸಂಸತ್ತಿನಲ್ಲಿ ಕ್ಲಾರಾ ಮಾಡಿದ ಉಳಿದ ಕೆಲಸವನ್ನು ಚುಟುಕಾಗಿ ಹೇಳುತ್ತೇನೆ. 1932ರ ವಿಚ್ಛೇದನ ಕಾನೂನಿನ ಪರ ದುಡಿದರು, ಆಮೇಲೆ ವಕೀಲೆಯಾಗಿ ಅದೇ ಕಾನೂನಿನಡಿ ವಿಚ್ಛೇದನದ ಪ್ರಕರಣಗಳನ್ನು ನಡೆಸಿದರು. ಮದುವೆಯ ಹೊರಗೆ ಹುಟ್ಟಿದ ಮಕ್ಕಳಿಗೂ ಸಮಾನ ಹಕ್ಕು ಬೇಕೆಂದರು. ಸರ್ಕಾರವೇ ಪರವಾನಗಿ ಕೊಟ್ಟು ನಡೆಸುತ್ತಿದ್ದ ವೇಶ್ಯಾವೃತ್ತಿಯ ವ್ಯವಸ್ಥೆಯನ್ನು ರದ್ದು ಮಾಡಬೇಕೆಂದು ವಾದಿಸಿದರು.

ಈಗ 1933ರ ಲೆಕ್ಕಕ್ಕೆ ಬರೋಣ. ನವೆಂಬರ್ 19ರಂದು ಸ್ಪೇನ್‌ನ ಮಹಿಳೆಯರು ಮೊದಲ ಬಾರಿಗೆ ಸಂಸತ್ ಚುನಾವಣೆಯಲ್ಲಿ ಮತ ಹಾಕಿದರು. ‘ಸೆದಾ’ ಎಂಬ ಬಲಪಂಥೀಯ ಕ್ಯಾಥೊಲಿಕ್ ಒಕ್ಕೂಟ 115 ಸ್ಥಾನಗಳೊಂದಿಗೆ ಅತಿದೊಡ್ಡ ಪಕ್ಷವಾಯಿತು. ಸಮಾಜವಾದಿಗಳ ಬಲ ಸುಮಾರು ಅರ್ಧಕ್ಕೆ, 60ರ ಆಸುಪಾಸಿಗೆ ಇಳಿಯಿತು. ಅಸಾನ್ಯಾ ಪಕ್ಷ ನೆಲಕಚ್ಚಿತು. ಕ್ಲಾರಾ, ಕೆಂಟ್ ಇಬ್ಬರೂ ಸೋತರು. ಸೋತವರೆಲ್ಲ ಬೆರಳು ತೋರಿಸಿದ್ದು ಮಹಿಳೆಯರ ಕಡೆಗೆ, ಮಹಿಳೆಯರಿಗೆ ಮತ ತಂದುಕೊಟ್ಟ ಕ್ಲಾರಾ ಕಡೆಗೆ.

ಆದರೆ ಆ ಚುನಾವಣಾ ಪದ್ಧತಿಯನ್ನು ಸ್ವಲ್ಪ ಹತ್ತಿರದಿಂದ ನೋಡಿ. ಇಡೀ ಪ್ರಾಂತ್ಯವೇ ಒಂದು ಕ್ಷೇತ್ರ, ದೊಡ್ಡ ನಗರಗಳು ಮಾತ್ರ ಪ್ರತ್ಯೇಕ ಕ್ಷೇತ್ರ. ಕ್ಷೇತ್ರದಲ್ಲಿ ಹೆಚ್ಚು ಮತ ಪಡೆದ ಪಟ್ಟಿಗೆ ಅಲ್ಲಿನ ಸ್ಥಾನಗಳಲ್ಲಿ ಬಹುಪಾಲು ಸಿಗುತ್ತಿತ್ತು, ಎರಡನೆಯವರಿಗೆ ಉಳಿಕೆ ಮಾತ್ರ. ಉದಾಹರಣೆಗೆ ಮ್ಯಾಡ್ರಿಡ್ ನಗರದ 17 ಸ್ಥಾನಗಳಲ್ಲಿ 13 ಗೆದ್ದ ಪಟ್ಟಿಗೆ, 4 ಎರಡನೆಯವರಿಗೆ. ಒಟ್ಟಿಗೆ ನಿಂತವರಿಗೆ ಬಂಪರ್, ಒಡೆದು ನಿಂತವರಿಗೆ ಸರ್ವನಾಶ. 1931ರಲ್ಲಿ ಗಣರಾಜ್ಯವಾದಿಗಳೂ ಸಮಾಜವಾದಿಗಳೂ ಒಟ್ಟಾಗಿ ನಿಂತು ಈ ಪದ್ಧತಿಯ ಲಾಭ ಪಡೆದಿದ್ದರು. 1933ರಲ್ಲಿ ಸಮಾಜವಾದಿಗಳು ಬಹುತೇಕ ಕಡೆ ಬೇರೆಯಾಗಿ ನಿಂತರು, ಗಣರಾಜ್ಯವಾದಿಗಳು ತಮ್ಮೊಳಗೇ ಚೂರಾದರು, ಬಲಪಂಥ ಒಂದಾಯಿತು. ಇದಿಷ್ಟೇ ಸಾಕಿತ್ತು, ಒಬ್ಬ ಮಹಿಳೆಯೂ ಮತ ಹಾಕದಿದ್ದರೂ ಸ್ಥಾನಗಳು ಹೀಗೆಯೇ ಉರುಳುತ್ತಿದ್ದವು.

ಇದರ ಮೇಲೆ ಕಾಸಾಸ್ ವಿಯೆಹಾಸ್ ಎಂಬ ಹಳ್ಳಿಯ ಘಟನೆ. 1933ರ ಜನವರಿಯಲ್ಲಿ ದಕ್ಷಿಣದ ಕಾದಿಸ್ ಪ್ರಾಂತ್ಯದ ಆ ಹಳ್ಳಿಯಲ್ಲಿ ಅರಾಜಕತಾವಾದಿ ಕೂಲಿಕಾರರು ದಂಗೆಯೆದ್ದರು. ಗಣರಾಜ್ಯದ ಪೊಲೀಸರು ಒಂದು ಗುಡಿಸಲಿಗೆ ಬೆಂಕಿಯಿಟ್ಟು ಒಳಗಿದ್ದವರನ್ನು ಸುಟ್ಟರು, ಆಮೇಲೆ ಊರಿನ ಗಂಡಸರನ್ನು ಹಿಡಿದು ತಂದು ಗುಂಡಿಕ್ಕಿದರು. ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ಭೂಮಿ ಸಿಗುತ್ತದೆ ಎಂದು ಕಾದಿದ್ದ ಬಡವರಿಗೆ ಸಿಕ್ಕಿದ್ದು ಗುಂಡು. ಅಸಾನ್ಯಾ ಸರ್ಕಾರದ ಮೇಲಿನ ನಂಬಿಕೆ ಅಲ್ಲಿಂದ ಚೇತರಿಸಿಕೊಳ್ಳಲೇ ಇಲ್ಲ. ಲಕ್ಷಾಂತರ ಕಾರ್ಮಿಕರಿದ್ದ ಅರಾಜಕತಾವಾದಿ ಸಂಘಟನೆ ಸಿಎನ್‌ಟಿ, ಮತ ಹಾಕಬೇಡಿ ಎಂದು ದೇಶದುದ್ದಕ್ಕೂ ಪ್ರಚಾರ ಮಾಡಿತು. ಎಡಪಂಥಕ್ಕೆ ಬೀಳಬೇಕಿದ್ದ ದಕ್ಷಿಣದ ಕೂಲಿಕಾರರ ಮತಗಳು ಮನೆಯಲ್ಲೇ ಉಳಿದವು. ಕಾದಿಸ್‌ನಂಥ ಪ್ರಾಂತ್ಯದಲ್ಲಿ ಅರ್ಧಕ್ಕಿಂತ ಹೆಚ್ಚು ಮತದಾರರು ಮತಗಟ್ಟೆಗೆ ಬರಲಿಲ್ಲ.

ಇನ್ನೂ ಒಂದು ಅಂಶವಿದೆ. ಮತಪತ್ರದ ಮೇಲೆ ಹಾಕಿದವರು ಹೆಣ್ಣೋ ಗಂಡೋ ಎಂದು ಬರೆದಿರುವುದಿಲ್ಲ. ಮಹಿಳೆಯರೆಲ್ಲ ಪಾದ್ರಿ ಹೇಳಿದಂತೆ ಮತ ಹಾಕಿದರು ಎನ್ನುವವರ ಬಳಿ ಎಣಿಸಿದ ಆಧಾರ ಯಾವುದೂ ಇರಲಿಲ್ಲ. ಅದೇ ಚುನಾವಣೆಯಲ್ಲಿ, ಮಹಿಳೆಯರೂ ಸರತಿಯಲ್ಲಿ ನಿಂತಿದ್ದ ಮ್ಯಾಡ್ರಿಡ್ ನಗರದಲ್ಲಿ, ಎರಡನೆಯ ಸುತ್ತಿನಲ್ಲಿ ಗೆದ್ದವರು ಸಮಾಜವಾದಿಗಳು. 1936ರ ಫೆಬ್ರವರಿ 16ರಂದು ಅದೇ ಮಹಿಳಾ ಮತದಾರರೊಂದಿಗೆ ಮತ್ತೆ ಚುನಾವಣೆ ನಡೆಯಿತು. ಈ ಬಾರಿ ಎಡಪಂಥೀಯರು ‘ಜನರಂಗ’ ಎಂಬ ಹೆಸರಿನಲ್ಲಿ ಒಟ್ಟಾಗಿ ನಿಂತರು, ಗೆದ್ದರು. ಮಹಿಳೆಯರು ಬದಲಾಗಿರಲಿಲ್ಲ, ಅದೇ ಮಹಿಳೆಯರು. ಬದಲಾಗಿದ್ದು ಮೈತ್ರಿ. ಕ್ಲಾರಾ ಇದನ್ನು ತಾವೇ ಬರೆದು ತೋರಿಸಿದರು. 1936ರಲ್ಲಿ ಬಂದ ಅವರ ಪುಸ್ತಕದ ಹೆಸರು ‘ನನ್ನ ಮಹಾಪಾಪ: ಮಹಿಳಾ ಮತ ಮತ್ತು ನಾನು’. ಆ ಹೆಸರಿನಲ್ಲಿರುವ ಕಹಿಗೆ ಕಾರಣ ಮುಂದಿನ ಪ್ಯಾರಾದಲ್ಲಿದೆ.

ಕ್ಲಾರಾ ಸೋತ ಮೇಲೂ, ಚುನಾವಣೆಯ ನಂತರ ಅಧಿಕಾರಕ್ಕೆ ಬಂದ ಲೆರೂ ಸರ್ಕಾರ ಅವರಿಗೆ ದೀನಜನ ಕಲ್ಯಾಣದ ಮಹಾನಿರ್ದೇಶಕಿಯ ಹುದ್ದೆ ಕೊಟ್ಟಿತ್ತು. 1934ರ ಅಕ್ಟೋಬರ್‌ನಲ್ಲಿ ಲೆರೂ, ಸೆದಾದ ಮಂತ್ರಿಗಳನ್ನು ಸರ್ಕಾರಕ್ಕೆ ಸೇರಿಸಿಕೊಂಡರು. ಅಸ್ತೂರಿಯಾಸ್‌ನ ಗಣಿ ಕಾರ್ಮಿಕರು ದಂಗೆಯೆದ್ದರು. ಮೊರಾಕೊದಿಂದ ಸೈನ್ಯ ತರಿಸಿ, ರಕ್ತ ಹರಿಸಿ ಆ ದಂಗೆಯನ್ನು ಅಡಗಿಸಲಾಯಿತು. ತಂದೆತಾಯಿ ಸತ್ತ, ಜೈಲು ಸೇರಿದ ಮಕ್ಕಳಿಗೆ ನೆರವಾಗಲು ಕ್ಲಾರಾ ಅಲ್ಲಿಗೆ ಹೋದರು. ಕಂಡದ್ದನ್ನು ಮರೆಯಲಾಗಲಿಲ್ಲ. ಹುದ್ದೆ ಬಿಟ್ಟರು, 1935ರ ಫೆಬ್ರವರಿಯಲ್ಲಿ ಪಕ್ಷವನ್ನೂ ಬಿಟ್ಟರು. ಆಮೇಲೆ ಅಸಾನ್ಯಾ ಕಟ್ಟಿದ ಹೊಸ ಪಕ್ಷ ‘ಗಣರಾಜ್ಯವಾದಿ ಎಡಪಂಥ’ಕ್ಕೆ ಸೇರಲು ಅರ್ಜಿ ಹಾಕಿದರು. ಅವರ ಸದಸ್ಯತ್ವವನ್ನು ಗುಪ್ತ ಮತದಾನಕ್ಕೆ ಹಾಕಲಾಯಿತು. ಪರ 68, ವಿರುದ್ಧ 183. ಅರ್ಜಿ ತಿರಸ್ಕೃತ. ತಮಗೆ ಮತದಾನದ ಹಕ್ಕು ತಂದುಕೊಟ್ಟವರ ಬಗ್ಗೆ ಆ ಪಕ್ಷದ ಮಹಿಳೆಯರೂ ಸೇರಿದ್ದ ಸಭೆಯೊಂದು ಹೀಗೆ ತೀರ್ಮಾನಿಸಿತು ಎಂಬುದು ನನಗೆ ಇಡೀ ಕಥೆಯಲ್ಲಿ ಅತ್ಯಂತ ನೋವಿನ ಭಾಗ. 1936ರ ಚುನಾವಣೆಯಲ್ಲಿ ನಿಲ್ಲಲು ಅವರಿಗೆ ಯಾವ ಪಕ್ಷದ ಪಟ್ಟಿಯಲ್ಲೂ ಜಾಗ ಸಿಗಲಿಲ್ಲ.

1936ರ ಜುಲೈನಲ್ಲಿ ಸೇನಾ ದಂಗೆಯಾಗಿ ಅಂತರ್ಯುದ್ಧ ಶುರುವಾಯಿತು. ಮ್ಯಾಡ್ರಿಡ್‌ನಲ್ಲಿ ಸಶಸ್ತ್ರ ಗುಂಪುಗಳು ಕಾನೂನು ಕೈಗೆತ್ತಿಕೊಂಡು ಕೊಲ್ಲುತ್ತಿದ್ದವು. ಎರಡೂ ಕಡೆಯ ಹಿಂಸೆಯನ್ನೂ ಒಪ್ಪದ ಕ್ಲಾರಾ ಸೆಪ್ಟೆಂಬರ್‌ನಲ್ಲಿ ತಾಯಿಯೊಂದಿಗೆ ಅಲಿಕಾಂತೆ ಬಂದರಿನಿಂದ ಜಿನೋವಾಕ್ಕೆ ಹೊರಟ ಜರ್ಮನ್ ಹಡಗು ಹತ್ತಿದರು. ಅದರಲ್ಲಿದ್ದ ಫಲಾಂಗೆ ಎಂಬ ಫ್ಯಾಸಿಸ್ಟ್ ಪಕ್ಷದ ಯುವಕರು ತಮ್ಮನ್ನು ಕೊಲ್ಲಲು ಸಂಚು ಮಾಡಿದ್ದರು ಎಂದು ಅವರೇ ಬರೆದಿದ್ದಾರೆ. ಜೀವ ಉಳಿಸಿಕೊಂಡು ಸ್ವಿಟ್ಜರ್ಲೆಂಡ್‌ನ ಲೊಸಾನ್ ತಲುಪಿದರು. ಅಲ್ಲಿ ಆಶ್ರಯ ಕೊಟ್ಟವರು ವಕೀಲೆ ಆಂತ್ವಾನೆತ್ ಕ್ವಿನ್ಶ್. ಸ್ಪೇನ್‌ನ ಘಟನೆಗಳ ಬಗ್ಗೆ ಕ್ಲಾರಾ ಬರೆದ ಪುಸ್ತಕವೊಂದು 1937ರಲ್ಲಿ ಪ್ಯಾರಿಸ್‌ನಲ್ಲಿ ಫ್ರೆಂಚ್‌ನಲ್ಲಿ ಹೊರಬಂತು. ದಂಗೆಕೋರ ಸೇನೆಯನ್ನೂ, ತಮ್ಮದೇ ಗಣರಾಜ್ಯದ ಕಡೆಯ ತಪ್ಪುಗಳನ್ನೂ ಅದರಲ್ಲಿ ಎತ್ತಿ ಹೇಳಿದ್ದರು. ಗೆದ್ದವರಿಗೆ ಅವರು ಶತ್ರು, ಸೋತು ದೇಶಭ್ರಷ್ಟರಾದವರಿಗೂ ಇರಿಸುಮುರಿಸು. ಅವರ ಹೆಸರು ದಶಕಗಳ ಕಾಲ ಯಾರ ಬಾಯಲ್ಲೂ ಬಾರದಿರಲು ಇದೂ ಒಂದು ಕಾರಣ ಎಂದು ನನ್ನ ತಿಳಿವಳಿಕೆ.

ಮುಂದೆ ಹದಿನೇಳು ವರ್ಷಗಳ ಕಾಲ ಅರ್ಜೆಂಟೀನಾದ ಬ್ಯೂನಸ್ ಐರಿಸ್. ಅಲ್ಲಿ ವಕಾಲತ್ತು ನಡೆಸುವಂತಿರಲಿಲ್ಲ. ಅನುವಾದ, ಉಪನ್ಯಾಸ, ಜೀವನಚರಿತ್ರೆಗಳ ಬರವಣಿಗೆಯಿಂದ ಬದುಕಿದರು. 19ನೆಯ ಶತಮಾನದ ಜೈಲು ಸುಧಾರಕಿ ಕಾನ್ಸೆಪ್ಸಿಯೊನ್ ಅರೆನಾಲ್, ಮೆಕ್ಸಿಕೊದ ಸನ್ಯಾಸಿನಿ ಕವಿ ಸೋರ್ ಹುವಾನಾ ಇವರ ಬಗ್ಗೆ ಬರೆದರು. ಮನಸ್ಸು ಮಾತ್ರ ಊರಿನ ಕಡೆಗೇ ಇತ್ತು. ಮರಳುವ ದಾರಿ ವಿಚಾರಿಸಿದಾಗಲೆಲ್ಲ ಒಂದೇ ಗೋಡೆ ಎದುರಾಗುತ್ತಿತ್ತು. ಅವರು ಫ್ರೀಮೇಸನ್ ಎಂಬ ಗುಪ್ತ ಸೋದರ ಸಂಘಕ್ಕೆ ಸೇರಿದ್ದರೆಂಬ ಆರೋಪದ ಮೇಲೆ, ಅಂತರ್ಯುದ್ಧ ಗೆದ್ದು ಸರ್ವಾಧಿಕಾರಿಯಾಗಿದ್ದ ಜನರಲ್ ಫ್ರಾಂಕೊನ ಸರ್ಕಾರದ ವಿಶೇಷ ನ್ಯಾಯಮಂಡಳಿಯಲ್ಲಿ ಪ್ರಕರಣವಿತ್ತು. ಬಂದರೆ ಹನ್ನೆರಡು ವರ್ಷ ಜೈಲು, ಅದು ಬೇಡವೆಂದರೆ ಸಂಘದ ಉಳಿದವರ ಹೆಸರು ಹೇಳಬೇಕು. ಅವರು ಯಾರ ಹೆಸರನ್ನೂ ಹೇಳಲಿಲ್ಲ, ಬದುಕಿರುವಾಗ ಸ್ಪೇನ್‌ನಲ್ಲಿ ಮತ್ತೆ ನೆಲೆಸಲಿಲ್ಲ.

1955ರಲ್ಲಿ ಲೊಸಾನ್‌ಗೆ ಹಿಂತಿರುಗಿ ಕ್ವಿನ್ಶ್ ಅವರ ವಕೀಲಿ ಕಚೇರಿಯಲ್ಲಿ ಕೆಲಸ ಮಾಡಿದರು. ಸ್ಪೇನ್‌ನ ಇತಿಹಾಸಕಾರರು ಅಷ್ಟಾಗಿ ಗಮನಿಸದ ಒಂದು ಸಂಗತಿ ಇಲ್ಲಿದೆ. ಆ ಸ್ವಿಟ್ಜರ್ಲೆಂಡ್‌ನಲ್ಲಿ ಮಹಿಳೆಯರಿಗೆ ಆಗ ಮತವೇ ಇರಲಿಲ್ಲ. ಕ್ವಿನ್ಶ್ ಆ ಹೋರಾಟದ ಮುಂಚೂಣಿಯಲ್ಲಿದ್ದವರು. ಲೊಸಾನ್ ಇರುವ ವೋ ಪ್ರಾಂತ್ಯದ 1,414 ಮಹಿಳೆಯರೊಂದಿಗೆ ಸೇರಿ, ಇರುವ ಸಂವಿಧಾನದಡಿಯಲ್ಲೇ ತಮಗೆ ಮತದ ಹಕ್ಕಿದೆ ಎಂದು ವಾದಿಸಿ ದೇಶದ ಸರ್ವೋಚ್ಚ ನ್ಯಾಯಾಲಯದವರೆಗೆ ಹೋದರು. 1957ರಲ್ಲಿ ನ್ಯಾಯಾಲಯ ಆ ಅರ್ಜಿಯನ್ನು ತಳ್ಳಿಹಾಕಿತು. 1959ರಲ್ಲಿ ವೋ ಪ್ರಾಂತ್ಯ, 1971ರ ಫೆಬ್ರವರಿಯಲ್ಲಿ ಇಡೀ ದೇಶ ಮಹಿಳೆಯರಿಗೆ ಮತ ಕೊಟ್ಟಿತು. ತಮ್ಮ ದೇಶದಲ್ಲಿ ನಲವತ್ತು ವರ್ಷ ಹಿಂದೆ ಗೆದ್ದಿದ್ದ ವಾದವನ್ನು ಗೆಳತಿ ಮತ್ತೆ ಮೊದಲಿನಿಂದ ಗೆಲ್ಲುವುದನ್ನು ಕ್ಲಾರಾ ಹತ್ತಿರದಿಂದ ಕಂಡರು.

1972ರ ಏಪ್ರಿಲ್ 30ರಂದು, 84ನೆಯ ವಯಸ್ಸಿನಲ್ಲಿ, ಕ್ಲಾರಾ ಲೊಸಾನ್‌ನಲ್ಲಿ ತೀರಿಕೊಂಡರು. ಫ್ರಾಂಕೊ ಇನ್ನೂ ಮೂರು ವರ್ಷ ಬದುಕಿದ್ದ. ಅವರ ಇಚ್ಛೆಯಂತೆ ಚಿತಾಭಸ್ಮವನ್ನು ಸಾನ್ ಸೆಬಾಸ್ಟಿಯನ್‌ನ ಪೊಲ್ಯೊಯೆ ಸ್ಮಶಾನಕ್ಕೆ ತಂದು ಇಟ್ಟರು. ಸ್ಪೇನ್‌ನ ಮಹಿಳೆಯರೂ ಗಂಡಸರೂ ಮುಕ್ತ ಚುನಾವಣೆಯಲ್ಲಿ ಮತ್ತೆ ಮತ ಹಾಕಿದ್ದು 1977ರ ಜೂನ್ 15ರಂದು. ಈ ಬಾರಿ ಮಹಿಳೆಯರಿಗೆ ಮತ ಬೇಕೇ ಬೇಡವೇ ಎಂದು ಯಾರೂ ಚರ್ಚಿಸಲಿಲ್ಲ.

ಕೊನೆಯದಾಗಿ ವಿಕ್ಟೋರಿಯಾ ಕೆಂಟ್ ಬಗ್ಗೆ ಒಂದು ಮಾತು. ನಿಮ್ಮ ಪ್ರಶ್ನೆಯ ಧಾಟಿ ನೋಡಿದರೆ ಅವರ ಮೇಲೆ ನಿಮಗೆ ಸಿಟ್ಟು ಬಂದಿರಬಹುದು. ಸ್ಪೇನ್‌ನ ಕಾರಾಗೃಹಗಳ ಮಹಾನಿರ್ದೇಶಕಿಯಾಗಿ ಕೈದಿಗಳ ಸಂಕೋಲೆ ತೆಗೆಸಿದವರು ಅವರು. ಅಂತರ್ಯುದ್ಧದ ಕಾಲದಲ್ಲೇ ಅವರೂ ದೇಶ ಬಿಟ್ಟು, ಪ್ಯಾರಿಸ್‌ನಲ್ಲಿ ತಲೆಮರೆಸಿಕೊಂಡು, ಆಮೇಲೆ ಮೆಕ್ಸಿಕೊ, ನ್ಯೂಯಾರ್ಕ್‌ಗಳಲ್ಲಿ ಬದುಕಿ, 1987ರಲ್ಲಿ ಪರದೇಶದಲ್ಲೇ ತೀರಿಕೊಂಡರು. ಆ ಒಂದು ದಿನದ ವಾದದಲ್ಲಿ ಅವರು ತಪ್ಪಿದರು ಎಂದು ನಾನು ದೃಢವಾಗಿ ನಂಬುತ್ತೇನೆ. ಆದರೆ 121 ವಿರೋಧ ಮತಗಳ ಹೊಣೆಯನ್ನು ಸಭೆಯಲ್ಲಿದ್ದ ಒಬ್ಬ ಮಹಿಳೆಯ ತಲೆಗೆ ಕಟ್ಟುವುದೂ, 1933ರ ಸೋಲನ್ನು ಇನ್ನೊಬ್ಬ ಮಹಿಳೆಯ ತಲೆಗೆ ಕಟ್ಟಿದ್ದೂ ಒಂದೇ ಜಾತಿಯ ಅನ್ಯಾಯ. ಓದುವಾಗ ಇಬ್ಬರ ಭಾಷಣಗಳನ್ನೂ ಪೂರ್ತಿಯಾಗಿ ಓದಿ. ಸಭೆಯ ನಡಾವಳಿಗಳು ಅಕ್ಷರಶಃ ಉಳಿದಿವೆ, ಅಡ್ಡ ಬಂದ ಕೂಗು, ಗದ್ದಲಗಳ ಸಮೇತ.